ತಿದ್ದಿ ಕಲಿತ ಬಿರುಗಾಳಿ

ಇಂಗ್ಲೆಂಡಿನ ಚಿತ್ರಕಾರ ಜೆ.ಎಂ.ಡಬ್ಲ್ಯೂ. ಟರ್ನರನ ಬಗ್ಗೆ ಕಲೆಯ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಕತೆಯೊಂದಿದೆ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಆತ ನಾವಿಕರಿಗೆ ಹೇಳಿ ತನ್ನನ್ನು ಹಡಗಿನ ಕಂಬಕ್ಕೆ ಕಟ್ಟಿಸಿಕೊಂಡನಂತೆ. ಅಲೆ, ಹಿಮ, ಹೊಗೆಗಳ ನಡುವೆ ನಾಲ್ಕು ಗಂಟೆ ಹಾಗೆಯೇ ಇದ್ದನಂತೆ. ಬದುಕಿ ಬಂದರೆ ಇದನ್ನು ಬರೆದೇ ತೀರಬೇಕು ಎಂದುಕೊಂಡನಂತೆ. 1842ರಲ್ಲಿ ಪ್ರದರ್ಶನಕ್ಕೆ ಬಂದ ಹಿಮಬಿರುಗಾಳಿಯ ಚಿತ್ರ ಹುಟ್ಟಿದ್ದು ಹೀಗೆ. ಆ ವರ್ಷ ಅವನಿಗೆ 67 ವಯಸ್ಸು. ಆ ಪ್ರಾಯದ ಮನುಷ್ಯ ಇಂಥ ಸಾಹಸ ಮಾಡಿದ್ದಾನೆಯೇ ಎಂದು ವಿದ್ವಾಂಸರು ಅನುಮಾನಪಡುತ್ತಾರೆ. ಆದರೂ ಕತೆ ಸಾಯುವುದಿಲ್ಲ. ರಮ್ಯ ಪಂಥದ ಕಲಾವಿದ ಎಂದರೆ ಹೀಗೇ ಇರಬೇಕು ಎಂಬ ನಮ್ಮ ಕಲ್ಪನೆಗೆ ಅದು ಸರಿಯಾಗಿ ಒಪ್ಪುತ್ತದೆ. ಗುರು ಬೇಡ, ಶಾಲೆ ಬೇಡ, ಪ್ರಕೃತಿಯೇ ಎದುರಿಗೆ ನಿಂತು ಕಲಿಸಬೇಕು.

ಇದೇ ಟರ್ನರನ ಬಗ್ಗೆ ಇನ್ನೊಂದು ಕತೆಯೂ ಇದೆ. ಅಷ್ಟು ಪ್ರಸಿದ್ಧವಲ್ಲ. ಒಮ್ಮೆ ಸ್ನೇಹಿತನೊಬ್ಬನ ಜೊತೆ ಕೂತು ಹಳೆಯ ಅಚ್ಚಿನ ಚಿತ್ರಗಳ ಕಟ್ಟನ್ನು ತಿರುವಿ ಹಾಕುತ್ತಿದ್ದಾಗ, ಗಾಳಿಯ ಹೊಡೆತಕ್ಕೆ ಓಡುತ್ತಿರುವ ಹಡಗಿನ ಒಂದು ಚಿತ್ರ ಬಂತು. ಹಸಿರು ಛಾಯೆಯಲ್ಲಿ ಅಚ್ಚಾದ, ಡಚ್ ಚಿತ್ರಕಾರ ವಾನ್ ಡ ವೆಲ್ಡನ ಕೃತಿಯೊಂದರ ಪ್ರತಿ ಅದು. ತನ್ನನ್ನು ಚಿತ್ರಕಾರನನ್ನಾಗಿ ಮಾಡಿದ್ದು ಇದೇ ಎಂದು ಟರ್ನರ್ ಭಾವುಕನಾಗಿ ಹೇಳಿದನೆಂದು ಅವನ ಜೀವನಚರಿತ್ರೆಯಲ್ಲಿ ಬರುತ್ತದೆ. ಕಡಲಲ್ಲ, ಕಾಗದ. ಅದೂ ಮೂಲವಲ್ಲ, ಮೂಲದ ಅಚ್ಚು.

ನಮ್ಮಲ್ಲಿ ಮಕ್ಕಳು ಅಕ್ಷರ ‘ತಿದ್ದಿ’ ಕಲಿಯುತ್ತಿದ್ದರು. ಮೇಷ್ಟ್ರು ಸ್ಲೇಟಿನ ಮೇಲೆ ದಪ್ಪಗೆ ಬರೆದುಕೊಟ್ಟ ‘ಅ’ ಮೇಲೆ ಬಳಪ ಆಡಿಸಿ ಆಡಿಸಿ ಅಕ್ಷರವೇ ಹೂಕೋಸಿನಂತೆ ಊದಿಕೊಳ್ಳುತ್ತಿತ್ತು. ಬರೆದದ್ದರ ಮೇಲೆಯೇ ಬರೆಯುವುದು, ತಪ್ಪನ್ನು ಸರಿಪಡಿಸುವುದು, ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು. ಯೂರೋಪಿನ ತೈಲಚಿತ್ರಕಾರರು ನೂರಾರು ವರ್ಷ ಕಲಿತದ್ದು ಈ ಎರಡೂ ಅರ್ಥದ ತಿದ್ದುವಿಕೆಯಿಂದ. ಶಾಲೆಯ ಕಟ್ಟು ಹರಿದು ಹೊರಬಂದರೆಂದು ನಾವು ನಂಬುವ ರಮ್ಯ ಪಂಥದ ನಿಸರ್ಗ ಚಿತ್ರಕಾರರೂ ಇದಕ್ಕೆ ಹೊರತಲ್ಲ. ಎಷ್ಟೋ ಸಲ ಅವರೇ ಎಲ್ಲರಿಗಿಂತ ಹೆಚ್ಚು ತಿದ್ದಿದವರು.

ತೈಲವರ್ಣವನ್ನು ನಕಲು ಮಾಡಿಯೇ ಏಕೆ ಕಲಿಯಬೇಕಿತ್ತು? ಇದಕ್ಕೆ ಉತ್ತರ ಆ ಮಾಧ್ಯಮದಲ್ಲೇ ಇದೆ. ಜಲವರ್ಣದ ಚಿತ್ರ ತನ್ನ ಗುಟ್ಟನ್ನು ಹೆಚ್ಚು ಮುಚ್ಚಿಡುವುದಿಲ್ಲ. ತೆಳುವಾದ ಬಣ್ಣದ ಕೆಳಗೆ ಕಾಗದದ ಬಿಳುಪು ಇಣುಕುತ್ತದೆ, ಯಾವುದರ ಮೇಲೆ ಯಾವುದು ಬಂತೆಂದು ಪಳಗಿದ ಕಣ್ಣಿಗೆ ತಿಳಿಯುತ್ತದೆ. ತೈಲಚಿತ್ರ ಹಾಗಲ್ಲ. ಕಟ್ಟಿ ಮುಗಿದ ಮನೆಯಲ್ಲಿ ಪಾಯ ಕಾಣದ ಹಾಗೆ ಅದರ ಕೆಳಪದರಗಳು ಕಾಣುವುದಿಲ್ಲ. ಕ್ಯಾನ್‌ವಾಸಿಗೆ ಮೊದಲು ಸರೇಸು ಬಳಿಯಬೇಕು, ಅದರ ಮೇಲೆ ಬಿಳಿಯದೋ ಕೆಂಗಂದಿನದೋ ಒಂದು ಅಸ್ತರು ಕೊಡಬೇಕು. ಆಮೇಲೆ ಮಂಕಾದ ಬಣ್ಣಗಳಲ್ಲಿ ಬೆಳಕು ನೆರಳುಗಳ ಹಂಚಿಕೆ. ಅದು ಒಣಗಿದ ಮೇಲೆ ಬೆಳಕಿರುವಲ್ಲಿ ದಪ್ಪ ಬಣ್ಣ, ನೆರಳಿರುವಲ್ಲಿ ತೆಳು ಬಣ್ಣ. ಕೊನೆಗೆ ಬಣ್ಣದ ಗಾಜು ಹಾಸಿದಂತೆ ಎಣ್ಣೆಯಲ್ಲಿ ತೇಲುವ ಪಾರದರ್ಶಕ ಪದರಗಳು. ಮುಗಿದ ಚಿತ್ರದಲ್ಲಿ ನಮಗೆ ಕಾಣುವ ಸಂಜೆಯ ಹೊಂಬಣ್ಣ ಒಂದು ಬಣ್ಣವೇ ಅಲ್ಲ. ನಾಲ್ಕಾರು ದಿನ, ಕೆಲವೊಮ್ಮೆ ನಾಲ್ಕಾರು ತಿಂಗಳುಗಳ ಅಂತರದಲ್ಲಿ ಒಂದರ ಮೇಲೊಂದು ಹಾಕಿದ ಮೂರು ನಾಲ್ಕು ಬಣ್ಣಗಳು ಸೇರಿ ಕಣ್ಣಿಗೆ ಮಾಡುವ ಮೋಸ ಅದು.

ಇನ್ನು ಒಣಗುವ ವಿಚಾರ. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದಷ್ಟು ಒಣಗಲು ದಿನಗಳು, ಒಳಗಿನ ತನಕ ಗಟ್ಟಿಯಾಗಲು ವರ್ಷಗಳು ಬೇಕು. ಆದ್ದರಿಂದ ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು ಇರಬೇಕು. ಲೆಕ್ಕ ತಪ್ಪಿ ಮೇಲಿನದು ಮೊದಲು ಬಿಗಿದುಕೊಂಡರೆ, ಬೇಸಗೆಯ ಕೆರೆಯಂಗಳದಂತೆ ಚಿತ್ರ ಬಿರುಕು ಬಿಡುತ್ತದೆ. ಆ ತಪ್ಪು ಗೊತ್ತಾಗುವ ವೇಳೆಗೆ ಚಿತ್ರ ಮಾರಾಟವಾಗಿ, ಹಣವೂ ಖರ್ಚಾಗಿರುತ್ತದೆ. ಇಂಥ ವಿದ್ಯೆ ಪುಸ್ತಕ ಓದಿ ಬರುವಂಥದಲ್ಲ. ಹಿಂದಿನ ಕಾಲದಲ್ಲಿ ಹುಡುಗರು ಚಿತ್ರಕಾರನ ಮನೆಯಲ್ಲೇ ಇದ್ದು, ಬಣ್ಣ ಅರೆದು, ಅಸ್ತರು ಬಳಿದು ಕಲಿಯುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಗೆ ಲಂಡನ್ನಿನಲ್ಲಿ ಆ ಪದ್ಧತಿ ಸಡಿಲವಾಗಿತ್ತು. ಅದರ ಜಾಗಕ್ಕೆ ಬಂದದ್ದು 1768ರಲ್ಲಿ ಹುಟ್ಟಿದ ರಾಯಲ್ ಅಕಾಡೆಮಿಯ ಶಾಲೆ.

ವಿಚಿತ್ರವೆಂದರೆ ಆ ಶಾಲೆಯಲ್ಲಿ ಬಣ್ಣ ಬಳಿಯುವುದನ್ನು ಕಲಿಸುತ್ತಿರಲಿಲ್ಲ! ಲಂಡನ್ನಿನ ಕ್ಷೌರಿಕನೊಬ್ಬನ ಮಗನಾದ ಟರ್ನರ್ 1789ರ ಡಿಸೆಂಬರಿನಲ್ಲಿ, 14ನೆಯ ವಯಸ್ಸಿನಲ್ಲಿ ಅಲ್ಲಿಗೆ ಸೇರಿದ. ಮೊದಲು ಪ್ಲಾಸ್ಟರಿನ ಗ್ರೀಕ್ ಪ್ರತಿಮೆಗಳನ್ನು ನೋಡಿ ರೇಖೆ ಎಳೆಯಬೇಕು, ಆಮೇಲೆ ಬತ್ತಲೆ ಮಾದರಿಯನ್ನು ನೋಡಿ ಎಳೆಯಬೇಕು. ಪಾಠ ಅಷ್ಟೇ. ತೈಲಚಿತ್ರಣಕ್ಕೆಂದು ಪ್ರತ್ಯೇಕ ವಿಭಾಗ ಬಂದದ್ದು 1815ರ ಸುಮಾರಿಗೆ. ನಿಸರ್ಗ ಚಿತ್ರ ಬರೆಯುವ ಆಸೆಯಿದ್ದವನು ತನ್ನ ದಾರಿಯನ್ನು ತಾನೇ ನೋಡಿಕೊಳ್ಳಬೇಕಿತ್ತು. ಸಾರ್ವಜನಿಕ ಚಿತ್ರಶಾಲೆ ಎಂಬುದು ಆಗ ಲಂಡನ್ನಿನಲ್ಲಿ ಇರಲೇ ಇಲ್ಲ. ಒಳ್ಳೆಯ ಚಿತ್ರಗಳೆಲ್ಲ ಶ್ರೀಮಂತರ ಮನೆಯ ಗೋಡೆಗಳ ಮೇಲಿದ್ದವು. ಅವರು ಬಾಗಿಲು ತೆರೆದರೆ ಶಾಲೆ, ಇಲ್ಲವಾದರೆ ಇಲ್ಲ.

ಹೀಗೆ ಬಾಗಿಲು ತೆರೆದವರಲ್ಲಿ ಒಬ್ಬ ವೈದ್ಯ ಥಾಮಸ್ ಮನ್ರೋ. ಮಾನಸಿಕ ರೋಗಗಳ ತಜ್ಞ, ಚಿತ್ರಗಳ ಹುಚ್ಚಿದ್ದವನು. 1790ರ ದಶಕದ ನಡುವಿನ ಮೂರು ವರ್ಷ ಚಳಿಗಾಲದ ಸಂಜೆಗಳಲ್ಲಿ ಟರ್ನರ್ ಮತ್ತು ಅವನ ಓರಗೆಯ ಥಾಮಸ್ ಗರ್ಟಿನ್ ಇವನ ಮನೆಗೆ ಹೋಗುತ್ತಿದ್ದರು. ಆರರಿಂದ ಹತ್ತರ ತನಕ ಕೆಲಸ. ಗರ್ಟಿನ್ ರೇಖೆ ಎಳೆಯುವುದು, ಟರ್ನರ್ ಅದಕ್ಕೆ ಬಣ್ಣದ ನೀರು ಹರಿಸುವುದು. ಟರ್ನರನಿಗೆ ಒಂದು ರಾತ್ರಿಗೆ ಮೂರೂವರೆ ಷಿಲಿಂಗ್. ನಕಲಿಗೆ ಇಟ್ಟುಕೊಂಡ ಮುಖ್ಯ ಮೂಲ ಜಾನ್ ರಾಬರ್ಟ್ ಕಜ಼ನ್ಸ್ ಎಂಬಾತ ಬರೆದ ಆಲ್ಪ್ಸ್ ಮತ್ತು ಇಟಲಿಯ ದೃಶ್ಯಗಳು. ಕಜ಼ನ್ಸ್ ಆ ಹೊತ್ತಿಗೆ ಬುದ್ಧಿ ಕಳೆದುಕೊಂಡು ಇದೇ ಮನ್ರೋನ ಆರೈಕೆಯಲ್ಲಿದ್ದ, 1797ರಲ್ಲಿ ತೀರಿಕೊಂಡ. ಹುಚ್ಚು ಹಿಡಿದ ಚಿತ್ರಕಾರನ ಪರ್ವತಗಳನ್ನು ಇನ್ನೂ ಆಲ್ಪ್ಸನ್ನೇ ಕಾಣದ ಹುಡುಗರು ಮೇಣದ ಬತ್ತಿಯ ಬೆಳಕಿನಲ್ಲಿ ತಿದ್ದುತ್ತಿದ್ದರು. ಟರ್ನರ್ ನಿಜವಾದ ಆಲ್ಪ್ಸನ್ನು ನೋಡಿದ್ದು 1802ರಲ್ಲಿ. ನೋಡುವ ಮೊದಲೇ ಆ ಕಣಿವೆಗಳ ಮಂಜು ಅವನ ಕೈಗೆ ಬಂದಿತ್ತು.

ಇವೆಲ್ಲ ಜಲವರ್ಣದ ಮಾತಾಯಿತು. ತೈಲದಲ್ಲಿ ಅವನಿಗೆ ಪರೀಕ್ಷೆ ಬಂದದ್ದು 1800ರ ಹೊತ್ತಿಗೆ. ಪರೀಕ್ಷಕನು ಬ್ರಿಜ್‌ವಾಟರಿನ ಡ್ಯೂಕ್. ಕಲ್ಲಿದ್ದಲು ಸಾಗಿಸಲು ಕಾಲುವೆ ತೋಡಿಸಿ ಅಪಾರ ಹಣ ಮಾಡಿದ ಮನುಷ್ಯ. ಅವನ ಬಳಿ ವಿಲ್ಲೆಮ್ ವಾನ್ ಡ ವೆಲ್ಡನ ದೊಡ್ಡ ಚಿತ್ರವೊಂದಿತ್ತು. ಏಳುತ್ತಿರುವ ಬಿರುಗಾಳಿಯಲ್ಲಿ ಓಲಾಡುವ ಡಚ್ ಹಡಗುಗಳ ಚಿತ್ರ, 1672ರ ಸುಮಾರಿನದು. ಇದಕ್ಕೆ ಜೋಡಿಯಾಗಿ ಪಕ್ಕದಲ್ಲಿ ತೂಗುಹಾಕಲು ಇನ್ನೊಂದನ್ನು ಬರೆದುಕೊಡು ಎಂದು ಡ್ಯೂಕ್ ಟರ್ನರನನ್ನು ಕೇಳಿದ. ಸಂಭಾವನೆ 250 ಗಿನಿ. ಚಿತ್ರಕಾರನಿಗೆ ಆಗ ಇಪ್ಪತ್ತೈದರ ಪ್ರಾಯ.

ಈ ‘ಜೋಡಿ ಚಿತ್ರ’ ಎಂಬ ಕಲ್ಪನೆ ಡ್ಯೂಕನ ತಲೆಯಲ್ಲಿ ಮೊದಲು ಹುಟ್ಟಿದ್ದಲ್ಲ. ಅಕಾಡೆಮಿಯ ಮೊದಲ ಅಧ್ಯಕ್ಷ ಸರ್ ಜೋಶುವಾ ರೆನಾಲ್ಡ್ಸ್ 1769ರಲ್ಲಿ ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸವೊಂದರಲ್ಲಿ ಇದನ್ನು ಹೇಳಿದ್ದ. ಚಿತ್ರವನ್ನು ಇಂಚಿಂಚಾಗಿ ನಕಲು ಮಾಡುವುದರ ಬಗ್ಗೆ ಅವನಿಗೆ ಗೌರವವಿರಲಿಲ್ಲ. ಕೈ ಕೆಲಸ ಮಾಡುತ್ತಿರುತ್ತದೆ, ಬುದ್ಧಿ ನಿದ್ದೆ ಹೋಗಿರುತ್ತದೆ, ದುಡಿದೆನೆಂಬ ಭ್ರಮೆ ಮಾತ್ರ ಉಳಿಯುತ್ತದೆ ಎಂಬುದು ಅವನ ವಾದದ ತಿರುಳು. ಅದಕ್ಕೆ ಬದಲು, ಮೆಚ್ಚಿದ ಚಿತ್ರಕ್ಕೆ ಜೊತೆಯಾಗಬಲ್ಲ ಇನ್ನೊಂದು ಚಿತ್ರವನ್ನು ಅದೇ ಬಗೆಯ ವಸ್ತು ತೆಗೆದುಕೊಂಡು ನೀನೇ ಬರೆ. ಬರೆದಾದ ಮೇಲೆ ಮೂಲದ ಪಕ್ಕದಲ್ಲಿಟ್ಟು ನೋಡು. ನಿನ್ನ ಕೊರತೆ ಏನೆಂದು ಯಾವ ಗುರುವೂ ಹೇಳಬೇಕಾಗಿಲ್ಲ, ಆ ಎರಡು ಚಿತ್ರಗಳೇ ಹೇಳುತ್ತವೆ. ಸಂಗೀತ ಬಲ್ಲ ಓದುಗರಿಗೆ ಇದು ಹೊಸದೆನಿಸಲಾರದು. ಗುರು ಹಾಡಿದ ಕೃತಿಯನ್ನು ಹಾಗೆಯೇ ಒಪ್ಪಿಸುವುದು ಒಂದು ಹಂತ, ಅದೇ ರಾಗದಲ್ಲಿ ಅವರೆದುರಿಗೇ ಸ್ವಂತ ಆಲಾಪನೆಗೆ ತೊಡಗುವುದು ಇನ್ನೊಂದು. ಎರಡನೆಯದರಲ್ಲೇ ಬೆವರುವುದು.

ಟರ್ನರನ ಚಿತ್ರ 1801ರಲ್ಲಿ ಅಕಾಡೆಮಿಯ ಪ್ರದರ್ಶನಕ್ಕೆ ಬಂತು. ಬಿರುಗಾಳಿಯಲ್ಲಿ ಡಚ್ ದೋಣಿಗಳು, ಹಿಡಿದ ಮೀನನ್ನು ಹಡಗಿಗೇರಿಸಲು ಹೆಣಗುತ್ತಿರುವ ಬೆಸ್ತರು. ಗುರುವಿನ ಚಿತ್ರದ ಒಟ್ಟು ಕಟ್ಟನ್ನು ಅವನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡಿದ. ಎರಡು ಚಿತ್ರಗಳು ಅಕ್ಕಪಕ್ಕ ಇದ್ದರೆ ಒಂದಕ್ಕೊಂದು ಎದುರು ಮುಖವಾಗಿ ನಿಲ್ಲಬೇಕಲ್ಲ! ಅಷ್ಟರ ಮಟ್ಟಿಗೆ ಇದು ವಿನಯ. ಆಮೇಲಿನದು ವಿನಯವಲ್ಲ. ಅವನ ಕ್ಯಾನ್‌ವಾಸು ಗುರುವಿನದಕ್ಕಿಂತ ದೊಡ್ಡದು. ಆರೂ ಚಿಲ್ಲರೆ ಅಡಿಯ ಅಗಲದ ಮೂಲದ ಎದುರಿಗೆ ಏಳು ಅಡಿ ದಾಟಿದ್ದು. ವಾನ್ ಡ ವೆಲ್ಡನ ಸಮುದ್ರದಲ್ಲಿ ಅಪಾಯವಿದ್ದರೂ ನಾವಿಕರಿಗೆ ಕಸುಬು ಗೊತ್ತಿದೆ ಎಂಬ ಧೈರ್ಯ ನೋಡುವವನಿಗೆ ಇರುತ್ತದೆ. ಟರ್ನರನಲ್ಲಿ ದೋಣಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ದಾರಿಯಲ್ಲಿವೆ. ಮುಂದಿನ ಕ್ಷಣ ಏನಾದೀತೆಂದು ನೋಡುವವನು ಉಸಿರು ಬಿಗಿಹಿಡಿಯಬೇಕು. ನೆರಳು ಹೆಚ್ಚು ಕಪ್ಪಾಗಿದೆ, ಅಲೆಯ ಮೇಲಿನ ಬೆಳಕು ಹೆಚ್ಚು ಬಿಳುಪಾಗಿದೆ. ವಾನ್ ಡ ವೆಲ್ಡ ಹಡಗಿನ ಹಗ್ಗಗಳನ್ನು ಒಂದೊಂದಾಗಿ ಬಲ್ಲವನು. ಇಂಗ್ಲೆಂಡಿಗೆ ಬಂದ ಮೇಲೆ ಅವನಿಗೂ ಅವನ ತಂದೆಗೂ ದೊರೆ ಎರಡನೆಯ ಚಾರ್ಲ್ಸ್ ವರ್ಷಕ್ಕೆ ತಲಾ ನೂರು ಪೌಂಡು ಕೊಟ್ಟು ನೌಕಾಯುದ್ಧಗಳ ಚಿತ್ರ ಬರೆಸುತ್ತಿದ್ದ. ಟರ್ನರ್ ಅವನಿಂದ ಹಡಗನ್ನು ಕಲಿತ, ನೀರನ್ನು ಕಲಿತ, ಹೆದರಿಕೆಯನ್ನು ತಾನೇ ಸೇರಿಸಿದ. ಮರುವರ್ಷ ಅಕಾಡೆಮಿ ಅವನನ್ನು ಪೂರ್ಣ ಸದಸ್ಯನನ್ನಾಗಿ ಆರಿಸಿತು.

ಜಾನ್ ಕಾನ್‌ಸ್ಟಬಲ್‌ನ ಸಂಗತಿ ಇದಕ್ಕಿಂತ ಬೇರೆ. ಟರ್ನರನಿಗಿಂತ ಒಂದು ವರ್ಷಕ್ಕೆ ಕಿರಿಯ, ಸಫ಼ಕ್ ಸೀಮೆಯ ಗಿರಣಿ ಮಾಲೀಕನ ಮಗ. ಅವನಿಗೆ ಬಾಗಿಲು ತೆರೆದವನು ಸರ್ ಜಾರ್ಜ್ ಬೋಮಾಂಟ್ ಎಂಬ ಜಮೀನುದಾರ. ಈತ ಸ್ವತಃ ಹವ್ಯಾಸಿ ಚಿತ್ರಕಾರನೂ ಹೌದು. ಇವನಿಗೆ ಪ್ರಾಣವಾಗಿದ್ದುದು ಕ್ಲಾಡ್ ಲೊರೇನ್ 1646ರಲ್ಲಿ ಬರೆದ, ಹೇಗರ್ ಎಂಬ ಪರಿತ್ಯಕ್ತ ದಾಸಿಗೆ ದೇವದೂತನು ಕಾಣಿಸಿಕೊಳ್ಳುವ ಬೈಬಲ್ ಪ್ರಸಂಗದ ಚಿತ್ರ. ಎತ್ತರ ಎರಡು ಅಡಿಯೂ ಇಲ್ಲ. ಪ್ರಯಾಣ ಹೊರಟರೆ ಸಾರೋಟಿನಲ್ಲಿ ಅದನ್ನೂ ಜೊತೆಗೊಯ್ಯುತ್ತಿದ್ದನಂತೆ. ಹಳ್ಳಿಯ ಹುಡುಗ ಕಾನ್‌ಸ್ಟಬಲ್ ಇಪ್ಪತ್ತರ ಆಸುಪಾಸಿನಲ್ಲಿ ಇದನ್ನು ನೋಡಿದ, ಮುಂದೆ ಅದನ್ನು ನಕಲು ಮಾಡಿದ. ಅವನ ಪ್ರಸಿದ್ಧ ಚಿತ್ರಗಳಲ್ಲಿ ಒಂದು ಪಕ್ಕದಲ್ಲಿ ಎತ್ತರದ ಮರಗಳ ತೆರೆ, ಅದರಾಚೆ ಬಯಲು, ತುದಿಯಲ್ಲಿ ಬೆಳಕು ತುಂಬಿದ ಆಕಾಶ ಬರುವ ರೀತಿಯನ್ನು ನೋಡಿದವರಿಗೆ ಆ ಪುಟ್ಟ ಚಿತ್ರ ಎಷ್ಟು ಆಳಕ್ಕೆ ಇಳಿದಿತ್ತೆಂದು ತಿಳಿಯುತ್ತದೆ.

ನಕಲು ಕಲಿಯುವವರ ಕೆಲಸ, ಕಲಿತವರು ಅದನ್ನು ಬಿಡುತ್ತಾರೆ ಎಂದು ನಾವು ತಿಳಿಯುತ್ತೇವೆ. 1823ರ ಶರತ್ಕಾಲದಲ್ಲಿ ಕಾನ್‌ಸ್ಟಬಲ್‌ಗೆ 47 ವಯಸ್ಸು. ಇಂದು ಜಗತ್ತೇ ಬಲ್ಲ ‘ಹುಲ್ಲಿನ ಬಂಡಿ’ಯ ಚಿತ್ರ ಬರೆದು ಎರಡು ವರ್ಷವಾಗಿತ್ತು. ಆಗ ಲೆಸ್ಟರ್‌ಷೈರಿನಲ್ಲಿದ್ದ ಬೋಮಾಂಟನ ಮನೆಗೆ ಹೋದವನು ವಾರಗಟ್ಟಲೆ ಅಲ್ಲೇ ಉಳಿದ. ಕಾರಣ ಕ್ಲಾಡ್. ಆಡು ಕಾಯುವವನಿರುವ ಒಂದು ಮರತೋಪಿನ ಚಿತ್ರದ ಎದುರು ಕೂತು ಅದರ ಪ್ರತಿ ತೆಗೆಯುತ್ತಿದ್ದ. ಲಂಡನ್ನಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕಾಯುತ್ತಿದ್ದ ಹೆಂಡತಿ ಮರಿಯಾಳ ಸಹನೆ ಮುಗಿಯುತ್ತ ಬಂದದ್ದು ಅವರ ಪತ್ರಗಳಲ್ಲಿ ಕಾಣುತ್ತದೆ. ಆಕೆಯದೂ ತಪ್ಪಲ್ಲ. ಗಂಡ ಮನೆ ಬಿಟ್ಟು ದುಡಿಯುತ್ತಿದ್ದಾನೆ, ಆದರೆ ಆ ದುಡಿಮೆ ಬೇರೊಬ್ಬನ ಮರಗಳನ್ನು ಬರೆಯುವುದು! ಆ ನಕಲು ಈಗ ಆಸ್ಟ್ರೇಲಿಯದ ಸಿಡ್ನಿಯ ಕಲಾ ಸಂಗ್ರಹಾಲಯದಲ್ಲಿದೆ. ತಿದ್ದಿದವನ ಹೆಸರಿನಲ್ಲೇ ಅದನ್ನು ತೂಗುಹಾಕುತ್ತಾರೆ.

ಆ ದಿನಗಳದೆಂದು ಕಾನ್‌ಸ್ಟಬಲ್‌ನ ಮಿತ್ರ ಲೆಸ್ಲಿ ದಾಖಲಿಸಿದ ಒಂದು ಸಂಗತಿ ನನಗೆ ಬಹಳ ಇಷ್ಟ. ಚಿತ್ರದ ಒಟ್ಟಾರೆ ಬಣ್ಣ ಹಳೆಯ ಪಿಟೀಲಿನಂತೆ ಕಂದಾಗಿರಬೇಕು ಎಂದು ಬೋಮಾಂಟ್ ವಾದಿಸಿದ. ಕಾನ್‌ಸ್ಟಬಲ್ ಏನೂ ಹೇಳದೆ ಒಂದು ಹಳೆಯ ಪಿಟೀಲನ್ನು ತಂದು ಮನೆಯೆದುರಿನ ಹಸಿರು ಹುಲ್ಲಿನ ಮೇಲೆ ಇಟ್ಟ. ಇನ್ನೊಮ್ಮೆ, ನಿನ್ನ ಚಿತ್ರದಲ್ಲಿ ಕಂದು ಮರವನ್ನು ಎಲ್ಲಿಡುವುದೆಂದು ನಿರ್ಧರಿಸುವುದು ಕಷ್ಟವಾಗುವುದಿಲ್ಲವೇ ಎಂದು ಬೋಮಾಂಟ್ ಕೇಳಿದಾಗ, ಅಂಥದನ್ನು ನಾನು ಇಡುವುದೇ ಇಲ್ಲ ಎಂದನಂತೆ.

ಇದು ಬರಿಯ ಚಮತ್ಕಾರದ ಉತ್ತರವಲ್ಲ. ನಕಲಿನಿಂದ ಕಲಿಯುವುದರಲ್ಲಿರುವ ದೊಡ್ಡ ಅಪಾಯವೇ ಇಲ್ಲಿದೆ. ಹಳೆಯ ತೈಲಚಿತ್ರಗಳ ಮೇಲೆ ರಕ್ಷಣೆಗೆಂದು ಬಳಿದ ರಾಳದ ವಾರ್ನಿಷು ಕಾಲ ಕಳೆದಂತೆ ಹಳದಿಯಾಗುತ್ತದೆ, ಆಮೇಲೆ ಕಂದಾಗುತ್ತದೆ. ಅದರ ಮೇಲೆ ದೀಪದ ಮಸಿ, ಲಂಡನ್ನಿನ ಕಲ್ಲಿದ್ದಲ ಹೊಗೆ. ನೀಲಿ ಆಕಾಶ ಹಸಿರಾಗಿ ಕಾಣುತ್ತದೆ, ಬೆಳ್ಳನೆಯ ಮಂಜು ಹೊನ್ನಾಗಿ ಕಾಣುತ್ತದೆ. ನೂರೈವತ್ತು ವರ್ಷಗಳ ಕೊಳೆಯನ್ನು ಹೊದ್ದ ಕ್ಲಾಡ್‌ನ ಎದುರು ಕುಳಿತ ಶಿಷ್ಯ, ಆ ಕಂದನ್ನೇ ಗುರುವಿನ ಗಾಂಭೀರ್ಯವೆಂದು ನಂಬಿ ತನ್ನ ಹೊಸ ಕ್ಯಾನ್‌ವಾಸಿಗೆ ಬಳಿಯುತ್ತಿದ್ದ. ಎಷ್ಟೋ ಮಂದಿ ಹೀಗೆ ಗುರುವನ್ನು ಬಿಟ್ಟು ಗುರುವಿನ ಮೇಲಿನ ಧೂಳನ್ನು ನಕಲು ಮಾಡಿದರು. ಟರ್ನರ್ ಬಿಳಿಯ ಅಸ್ತರಿನ ಮೇಲೆ ಬೆಳಕಿನ ಬಣ್ಣಗಳಲ್ಲಿ ಬರೆಯತೊಡಗಿದಾಗ ಅವನನ್ನೂ ಅವನ ಜೊತೆಯವರನ್ನೂ ‘ಬಿಳಿ ಚಿತ್ರಕಾರರು’ ಎಂದು ಹಂಗಿಸಿದವರಲ್ಲಿ ಇದೇ ಬೋಮಾಂಟ್ ಮುಂದಿದ್ದ. ಮುಂದೆ ನ್ಯಾಷನಲ್ ಗ್ಯಾಲರಿಯವರು ಕ್ಲಾಡ್ ಮೊದಲಾದವರ ಕೆಲವು ಚಿತ್ರಗಳ ವಾರ್ನಿಷು ತೆಗೆಸಿದಾಗ, ಚಿತ್ರ ಹಾಳಾಯಿತೆಂದು ಎಂಥ ಕೂಗೆದ್ದಿತೆಂದರೆ 1853ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸಮಿತಿಯೊಂದನ್ನು ನೇಮಿಸಿ ವಿಚಾರಣೆ ಮಾಡಿಸಬೇಕಾಯಿತು. ಕಂದು ಹೋಗಿ ನೀಲಿ ಬಂದದ್ದನ್ನು ಜನ ಸಹಿಸಲಿಲ್ಲ.

ಬೋಮಾಂಟನನ್ನು ಇಲ್ಲಿ ಖಳನಾಯಕನನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ರಾಷ್ಟ್ರೀಯ ಚಿತ್ರಶಾಲೆ ಬೇಕೆಂದು ಹಟ ಹಿಡಿದವರಲ್ಲಿ ಅವನೊಬ್ಬ, ತನ್ನ ಸಂಗ್ರಹವನ್ನೇ ಅದಕ್ಕೆ ದಾನ ಕೊಟ್ಟವನು. ಕೊಟ್ಟ ಮೇಲೆ ಹೇಗರಳ ಚಿತ್ರವಿಲ್ಲದೆ ಇರಲಾರದೆ, ಬದುಕಿರುವಷ್ಟು ದಿನ ಅದನ್ನು ಮಾತ್ರ ಹಿಂದಕ್ಕೆ ಕೊಡಿ ಎಂದು ಕೇಳಿ ಪಡೆದ. 1827ರಲ್ಲಿ ಅವನು ಸತ್ತ ಮೇಲೆ ಚಿತ್ರ ಮತ್ತೆ ಗ್ಯಾಲರಿಗೆ ಬಂತು.

ಟರ್ನರನ ಮಟ್ಟಿಗೆ ಕ್ಲಾಡ್ ಎಂದರೆ ಗುರುವೂ ಹೌದು, ಎದುರಾಳಿಯೂ ಹೌದು. ಆಂಗರ್‌ಸ್ಟೈನ್ ಎಂಬ ಶ್ರೀಮಂತನ ಮನೆಯಲ್ಲಿ ಕ್ಲಾಡ್‌ನ ಬಂದರಿನ ಚಿತ್ರವೊಂದನ್ನು ಮೊದಲ ಸಲ ಕಂಡಾಗ ಹುಡುಗ ಟರ್ನರ್ ಅತ್ತುಬಿಟ್ಟನಂತೆ. ತಾನು ಇಂಥದನ್ನು ಎಂದೂ ಬರೆಯಲಾರೆ ಎಂಬುದು ಅಳುವಿಗೆ ಕಾರಣ. ಶೀಬಾದ ರಾಣಿ ಹಡಗೇರಲು ಹೊರಟಿರುವ, ನೇರವಾಗಿ ಸೂರ್ಯನನ್ನೇ ಎದುರಿಗಿಟ್ಟುಕೊಂಡು ಬರೆದ 1648ರ ಚಿತ್ರ ಅವನನ್ನು ಜೀವನವಿಡೀ ಬಿಡಲಿಲ್ಲ. 1814ರಲ್ಲಿ ಅವನು ಮಾಡಿದ ಕೆಲಸವಂತೂ ಬಲು ಸ್ವಾರಸ್ಯದ್ದು. ಬ್ರಿಟಿಷ್ ಇನ್‌ಸ್ಟಿಟ್ಯೂಷನ್ ಎಂಬ ಶ್ರೀಮಂತ ರಸಿಕರ ಸಂಸ್ಥೆ ಕಲಿಯುವವರಿಗೆಂದು ಹಳೆಯ ಚಿತ್ರಗಳನ್ನು ತರಿಸಿ ಇಡುತ್ತಿತ್ತು, ಬಹುಮಾನಗಳನ್ನೂ ಕೊಡುತ್ತಿತ್ತು. ಬೋಮಾಂಟ್ ಅದರ ನಿರ್ದೇಶಕರಲ್ಲೊಬ್ಬ. ಕ್ಲಾಡ್ ಅಥವಾ ಪೂಸನ್ನರ ಚಿತ್ರಕ್ಕೆ ಜೋಡಿಯಾಗಬಲ್ಲ ನಿಸರ್ಗ ಚಿತ್ರಕ್ಕೆ ಆ ವರ್ಷ ಬಹುಮಾನ ಸಾರಿದ್ದರು. ಅಕಾಡೆಮಿಯ ಸದಸ್ಯನಾಗಿ 12 ವರ್ಷ ಕಳೆದಿದ್ದ ಟರ್ನರ್ ಈ ಸ್ಪರ್ಧೆಗೆ, ಅದೂ ಗಡುವು ಮುಗಿದ ಮೇಲೆ, ಒಂದು ಚಿತ್ರ ಕಳುಹಿಸಿದ. ನೋಡಿದರೆ ಅದು ಪೆಟ್‌ವರ್ತ್ ಅರಮನೆಯಲ್ಲಿದ್ದ ಕ್ಲಾಡ್‌ನ ಚಿತ್ರವೊಂದರ ಹೆಚ್ಚು ಕಡಿಮೆ ಪಡಿಯಚ್ಚು! ನಿಮಗೆ ಕ್ಲಾಡ್ ತಾನೆ ಬೇಕು, ತೆಗೆದುಕೊಳ್ಳಿ ಎಂಬಂತೆ. ಇದು ಗುರುಭಕ್ತಿಯೋ, ಅಣಕವೋ, ಬೋಮಾಂಟನ ಕೆನ್ನೆಗೆ ಬಿಟ್ಟ ಏಟೋ ಎಂದು ಚರಿತ್ರಕಾರರು ಇನ್ನೂ ಚರ್ಚಿಸುತ್ತಾರೆ. ನನಗಂತೂ ಮೂರೂ ಇದ್ದಂತೆ ತೋರುತ್ತದೆ. ಬಹುಮಾನ ಹಾಫ್‌ಲಂಡ್ ಎಂಬ ಇನ್ನೊಬ್ಬನಿಗೆ ಹೋಯಿತು.

ಮರುವರ್ಷ, 1815ರಲ್ಲಿ, ಟರ್ನರ್ ‘ಕಾರ್ಥೇಜ್ ಕಟ್ಟುತ್ತಿರುವ ಡೈಡೊ’ ಬರೆದ. ಎದುರಿಗೆ ಸೂರ್ಯ, ಎರಡೂ ಬದಿ ಭವ್ಯ ಕಟ್ಟಡಗಳು, ನಡುವೆ ಕರಗಿದ ಲೋಹದಂತೆ ನೀರು. ಅಳಿಸಿದ ಚಿತ್ರಕ್ಕೆ ಹದಿನೈದು ಇಪ್ಪತ್ತು ವರ್ಷಗಳ ನಂತರ ಕೊಟ್ಟ ಉತ್ತರ ಅದು. ಇದನ್ನು ಮಾರಲಿಲ್ಲ. ಸತ್ತ ಮೇಲೆ ಇದೂ ತನ್ನ ಇನ್ನೊಂದು ಚಿತ್ರವೂ ನ್ಯಾಷನಲ್ ಗ್ಯಾಲರಿಗೆ ಸೇರಬೇಕು, ಆದರೆ ಕ್ಲಾಡ್‌ನ ಎರಡು ಚಿತ್ರಗಳ ಪಕ್ಕದಲ್ಲೇ ತೂಗುಹಾಕಬೇಕು ಎಂದು ಉಯಿಲು ಬರೆದಿಟ್ಟ. 1851ರಲ್ಲಿ ಸತ್ತ. ರೆನಾಲ್ಡ್ಸ್ ಹುಡುಗರಿಗೆ ಹೇಳಿದ ಪಾಠವನ್ನು ಮುದುಕ ಟರ್ನರ್ ಸಾವಿನಾಚೆಗೂ ಒಯ್ದ.

ಆ ಹೊತ್ತಿಗೆ ಕಲಿಯುವವರ ಸ್ಥಿತಿ ಬದಲಾಗಿತ್ತು. 1824ರಲ್ಲಿ ಸರ್ಕಾರ ಆಂಗರ್‌ಸ್ಟೈನನ 38 ಚಿತ್ರಗಳನ್ನು 57,000 ಪೌಂಡಿಗೆ ಕೊಂಡು ನ್ಯಾಷನಲ್ ಗ್ಯಾಲರಿ ತೆರೆಯಿತು. ವಾರದಲ್ಲಿ ಎರಡು ದಿನ ಅದು ನಕಲು ಮಾಡುವವರಿಗೇ ಮೀಸಲಾಯಿತು. ಶ್ರೀಮಂತರ ಮರ್ಜಿ ಕಾಯುವುದು ತಪ್ಪಿತು. ಇದರಿಂದ ಅತಿ ಹೆಚ್ಚು ಲಾಭವಾದದ್ದು ಹೆಂಗಸರಿಗೆ. ಅಕಾಡೆಮಿಯ ಶಾಲೆಯ ಬಾಗಿಲು ಅವರಿಗೆ ತೆರೆದದ್ದು 1860ರಲ್ಲಿ. ಅದೂ ಲಾರಾ ಹರ್ಫ಼ರ್ಡ್ ಎಂಬಾಕೆ ಪೂರ್ಣ ಹೆಸರು ಬರೆಯದೆ ಮೊದಲಕ್ಷರಗಳನ್ನಷ್ಟೇ ಹಾಕಿ ಚಿತ್ರ ಕಳುಹಿಸಿದ್ದರಿಂದ, ಗಂಡಸೆಂದು ತಿಳಿದು ಸೇರಿಸಿಕೊಂಡದ್ದು. ಅಲ್ಲಿಯವರೆಗೆ ಈಸೆಲ್ ಹಾಕಿಕೊಂಡು ಹಳೆಯ ಚಿತ್ರದ ಮುಂದೆ ಕೂರುವುದೇ ಅವರ ಪಾಲಿನ ವಿದ್ಯಾಲಯ.

ಈಗ ಟರ್ನರನೇ ಗುರುವಿನ ಜಾಗದಲ್ಲಿದ್ದ. ಅವನನ್ನು ನಕಲು ಮಾಡುವುದು ಕ್ಲಾಡ್‌ನನ್ನು ನಕಲು ಮಾಡಿದಷ್ಟು ಸುಲಭವಲ್ಲ. ಪ್ರದರ್ಶನ ತೆರೆಯುವ ಮುನ್ನ ವಾರ್ನಿಷು ಬಳಿಯಲೆಂದು ಚಿತ್ರಕಾರರಿಗೆ ಕೊಡುತ್ತಿದ್ದ ದಿನಗಳಲ್ಲಿ ಅವನು ಗೋಡೆಯ ಮೇಲೆಯೇ ಚಿತ್ರವನ್ನು ಮುಗಿಸುತ್ತಿದ್ದ. ಪಾರ್ಲಿಮೆಂಟು ಕಟ್ಟಡ ಹೊತ್ತಿ ಉರಿದುದರ ಚಿತ್ರವನ್ನು 1835ರಲ್ಲಿ ಹಾಗೆ ಮಾಡಿದ. ಆಕಾರವಿಲ್ಲದ ಕೆಲವು ಬಣ್ಣದ ಕಲೆಗಳಿದ್ದ ಕ್ಯಾನ್‌ವಾಸನ್ನು ಕಳುಹಿಸಿ, ಬೆಳಗಿನಿಂದ ಅದರೆದುರು ನಿಂತು ಗಂಟೆಗಟ್ಟಲೆ ಕೆಲಸ ಮಾಡಿ, ಮುಗಿದ ಕೂಡಲೇ ಪೆಟ್ಟಿಗೆ ಮುಚ್ಚಿ, ಒಮ್ಮೆಯೂ ಹಿಂದಿರುಗಿ ನೋಡದೆ ಹೊರಟುಹೋದನೆಂದು ನೋಡಿದವರು ಬರೆದಿದ್ದಾರೆ. ಸುತ್ತ ನಿಂತ ಚಿತ್ರಕಾರರಿಗೆ ಕೈಯ ಆಟ ಕಂಡಿತು, ಕ್ರಮ ತಿಳಿಯಲಿಲ್ಲ.

ತಿಳಿದಿದ್ದರೂ ಅನುಸರಿಸಬಾರದಿತ್ತೋ ಏನೋ! ಟರ್ನರ್ ನಿಯಮಗಳನ್ನು ಲೆಕ್ಕಿಸುತ್ತಿರಲಿಲ್ಲ. ಒಣಗದ ಪದರದ ಮೇಲೆ ಬೇಗ ಒಣಗುವ ಪದರ, ಎಣ್ಣೆಗೆ ರಾಳ ಬೆರೆಸಿದ ಲೋಳೆಯಂಥ ಮಿಶ್ರಣ, ಬೆಳಕಿಗೆ ನಿಲ್ಲದ ಕೆಂಪುಗಳು. ಬಣ್ಣದ ವ್ಯಾಪಾರಿ ವಿನ್ಸರ್ ಎಚ್ಚರಿಸಿದಾಗ, ಬಣ್ಣ ಮಾಡುವುದು ನಿನ್ನ ಕೆಲಸ, ಬಳಸುವುದು ನನ್ನದು ಎಂದು ಬಾಯಿ ಮುಚ್ಚಿಸಿದನೆಂದು ಹೇಳುತ್ತಾರೆ. ಅವನು ಬದುಕಿದ್ದಾಗಲೇ ಕೆಲವು ಚಿತ್ರಗಳು ಬಿರುಕು ಬಿಟ್ಟವು, ಸೂರ್ಯಾಸ್ತಗಳು ಬಿಳುಚಿದವು. ಬೋಮಾಂಟನ ಕಾಲದ ಶಿಷ್ಯನ ಎದುರು ಗುರುವಿನ ಮೇಲೆ ಕವಿದ ಕೊಳೆಯಿತ್ತು. ಟರ್ನರನ ಎದುರು ಕೂತವನ ಕಷ್ಟ ತಿರುಗುಮುರುಗು. ಇಲ್ಲಿ ಗುರು ಬರೆದದ್ದರಲ್ಲಿ ಕೆಲವು ಭಾಗ ಹೋಗಿಯೇ ಬಿಟ್ಟಿದೆ. ಬಿಳುಚಿದ ಆಕಾಶವನ್ನು ಬಿಳುಚಿದಂತೆಯೇ ಬರೆಯಬೇಕೋ, ಅಥವಾ ಒಂದು ಕಾಲದಲ್ಲಿ ಅಲ್ಲಿ ಇದ್ದಿರಬಹುದಾದ ಕೆಂಪನ್ನು ಊಹಿಸಿ ತುಂಬಬೇಕೋ? ಮೊದಲನೆಯದು ಮಾಡಿದರೆ ಟರ್ನರ್ ಬರೆಯದೇ ಇದ್ದ ಸಂಜೆಯನ್ನು ಬರೆದಂತಾಗುತ್ತದೆ. ಎರಡನೆಯದು ಮಾಡಿದರೆ ಅದು ನಕಲೇ ಅಲ್ಲ.

ಅಚ್ಚಿನ ಪ್ರತಿ ನೋಡಿ ತೈಲಚಿತ್ರ ಕಲಿಯುವವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಕ್ಯಾಲೆಂಡರಿನಲ್ಲೋ ಪುಸ್ತಕದಲ್ಲೋ ಇರುವ ಬಿರುಗಾಳಿಗೆ ಪದರವೆಂಬುದಿಲ್ಲ, ಏಳು ಅಡಿಯ ಕಡಲು ಅಂಗೈಯಗಲದ್ದಾಗಿರುತ್ತದೆ. ದಪ್ಪ ಬಣ್ಣದ ಮೇಲೆ ಬಿದ್ದ ಬೆಳಕು, ಬಣ್ಣದ ಬೆಳಕು, ಎರಡೂ ಒಂದೇ ಆಗಿ ಕಾಣುತ್ತವೆ. ಆದರೂ ಟರ್ನರ್ ಹೊರಟದ್ದು ಒಂದು ಹಸಿರು ಅಚ್ಚಿನಿಂದಲೇ ಎಂಬುದನ್ನು ನೆನೆದರೆ ಇದನ್ನು ಪೂರ್ತಿ ತಳ್ಳಿಹಾಕಲೂ ಮನಸ್ಸು ಬರುವುದಿಲ್ಲ. ಪ್ಯಾರಿಸಿನ ಲೂವ್ರ್‌ನಲ್ಲಿ 1793ರಲ್ಲಿ ಶುರುವಾದ ಪದ್ಧತಿಯಂತೆ ಇಂದಿಗೂ ಪರವಾನಗಿ ಪಡೆದವರು ಈಸೆಲ್ ಹಾಕಿ ಮೂಲದ ಎದುರೇ ಬರೆಯಬಹುದು. ಎರಡು ಷರತ್ತುಗಳಿವೆ. ನಕಲಿನ ಅಳತೆ ಮೂಲದ ಅಳತೆಯೇ ಆಗಿರಕೂಡದು, ಚಿತ್ರಕಾರನ ಸಹಿಯನ್ನು ನಕಲು ಮಾಡಕೂಡದು.

ಬ್ರಿಜ್‌ವಾಟರ್ ಡ್ಯೂಕನ ಗೋಡೆಯ ಮೇಲಿದ್ದ ಜೋಡಿ ಬಹಳ ಕಾಲದ ಹಿಂದೆಯೇ ಅಗಲಿತು. ವಾನ್ ಡ ವೆಲ್ಡನ ಚಿತ್ರ ಕೈಯಿಂದ ಕೈಗೆ ದಾಟಿ ಅಮೆರಿಕದ ಒಹಾಯೊ ರಾಜ್ಯದ ಟೊಲಿಡೊ ಊರಿನ ಸಂಗ್ರಹಾಲಯ ಸೇರಿತು. ಟರ್ನರನದು ಖಾಸಗಿ ಒಡೆತನದಲ್ಲೇ ಉಳಿಯಿತು. 1987ರಿಂದ ಎರವಲಾಗಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಗೋಡೆಗೆ ಬಂತು. 2009ರಲ್ಲಿ ಲಂಡನ್ನಿನ ಟೇಟ್ ಬ್ರಿಟನ್ ‘ಟರ್ನರ್ ಮತ್ತು ಗುರುಗಳು’ ಎಂಬ ಪ್ರದರ್ಶನ ಏರ್ಪಡಿಸಿದಾಗ ಎರಡನ್ನೂ ತರಿಸಿ ಅಕ್ಕಪಕ್ಕದಲ್ಲಿ ಇಟ್ಟಿದ್ದರು. ನೋಡಲು ಬಂದವರು ಒಂದರ ಮುಂದೆ ನಿಂತು ಇನ್ನೊಂದರತ್ತ ಕತ್ತು ಹೊರಳಿಸಿ, ಹಗ್ಗವನ್ನು ಹಗ್ಗಕ್ಕೆ, ಅಲೆಯನ್ನು ಅಲೆಗೆ ಹೋಲಿಸಿ ನೋಡಬಹುದಿತ್ತು. ಪ್ರದರ್ಶನ ಮುಗಿದ ಮೇಲೆ ಗುರುವಿನ ಬಿರುಗಾಳಿಯನ್ನು ಪೆಟ್ಟಿಗೆಯಲ್ಲಿ ಕಟ್ಟಿ ಅಟ್ಲಾಂಟಿಕ್ ದಾಟಿಸಿದರು.